ಹೊಂಡದ ಮೀನು ಸೊರಗಿದರೆ ಮೊದಲು ನೀರು ನೋಡಿ

ಕೃಷಿ ಹೊಂಡ ಇರೋ ಕಡೆಯೆಲ್ಲ ಈಗ ಮೀನು ಬಿಡುವುದು ರೂಢಿಗೆ ಬಂದಿದೆ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯಲ್ಲಿ ಹೊಂಡಗಳು ಹೆಚ್ಚಾದವು. ಹೊಂಡ ತೋಡಿದ್ದು ಒಣಗೋ ಬೆಳೆಗೆ ಒಂದೆರಡು ನೀರು ಕೊಡಲಿಕ್ಕೆ. ನೀರು ಹೆಂಗೂ ನಿಂತಿರುತ್ತಲ್ಲ, ಒಂದಿಷ್ಟು ಮೀನೂ ಬೆಳೀಲಿ ಅನ್ನೋದು ಆಮೇಲಿನ ಲೆಕ್ಕ. ಮಳೆ ಕೈಕೊಟ್ಟ ವರ್ಷ ಈ ಆಮೇಲಿನ ಲೆಕ್ಕವೇ ಮನೆ ಖರ್ಚಿಗೆ ಆಗಿಬರೋದುಂಟು.

ಆದರೆ ಆರು ತಿಂಗಳು ಬೆಳೆಸಿದ ಮೀನು ಒಂದೇ ರಾತ್ರಿಯಲ್ಲಿ ತೇಲಿಬಿಡುತ್ತೆ. ಆಗ ನಾವು ಮಾಡೋದೇನು? ಯಾರೋ ಸುಣ್ಣ ಹಾಕು ಅಂತಾರೆ, ಇನ್ಯಾರೋ ಉಪ್ಪು ಅಂತಾರೆ, ಅಂಗಡಿಯವರು ಒಂದು ಬಾಟಲಿ ಕೊಡ್ತಾರೆ. ಎಲ್ಲಾನೂ ಸುರಿದು ಉಳಿದ ಮೀನನ್ನೂ ಕಳಕೊಂಡವರಿದ್ದಾರೆ. ಹೊಂಡದಲ್ಲಿ ಮೀನು ಸಾಯೋದು ಹೆಚ್ಚಾಗಿ ರೋಗದಿಂದ ಅಲ್ಲ, ನೀರು ಕೆಟ್ಟು. ನೀರು ಕೆಡೋಕೆ ಮೂರ್ನಾಲ್ಕು ಕಾರಣ ಇವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಅದಕ್ಕೇ ಕೈಯಲ್ಲಿ ಚೀಲ ಹಿಡಿಯೋ ಮುಂಚೆ ದಂಡೆ ಮೇಲೆ ನಿಂತು ನೋಡಬೇಕು.

ನೋಡಬೇಕಾದ್ದು ನಾಲ್ಕು

ಒಂದು, ಹೊತ್ತು. ಮೀನು ಯಾವಾಗ ತೊಂದರೆ ತೋರಿಸ್ತು? ಬೆಳಗಿನ ಜಾವವೋ, ನಡು ಮಧ್ಯಾಹ್ನವೋ, ಮಳೆ ಬಂದ ಮಾರನೇ ದಿನವೋ?

ಎರಡು, ಸತ್ತವರ್ಯಾರು. ದೊಡ್ಡ ಮೀನು ಮಾತ್ರವೋ, ಸಣ್ಣ ದೊಡ್ಡ ಎಲ್ಲವೂ ಒಟ್ಟಿಗೋ? ಕಪ್ಪೆಮರಿ, ನೀರಿನ ಹುಳುಗಳು ಬದುಕಿವೆಯೋ?

ಮೂರು, ಕಿವಿರು. ಆಗತಾನೇ ಸತ್ತ ಮೀನಿನ ಕೆನ್ನೆ ಮುಚ್ಚಳ ಎತ್ತಿ ನೋಡಿ. ಆರೋಗ್ಯದ ಕಿವಿರು ಕೆಂಪಗಿರುತ್ತೆ. ಬಿಳಿಚಿದೆಯೋ, ಕಂದಾಗಿದೆಯೋ, ಲೋಳೆ ಕಟ್ಟಿದೆಯೋ ಗಮನಿಸಿ.

ನಾಲ್ಕು, ನೀರಿನ ಬಣ್ಣ. ಹಾಳೆ ಹಾಸಿದ ದಂಡೆ ಜಾರುತ್ತೆ, ಗಟ್ಟಿ ಹಿಡಿಕೆ ಇದ್ದ ಕಡೆ ಕೂತು ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಸಿ. ಆ ಆಳದಲ್ಲಿ ಅಂಗೈ ಮಸುಕಾಗಿ ಕಂಡರೆ ಪಾಚಿ ಹದವಾಗಿದೆ. ಮೊಣಕೈ ಮುಳುಗೋ ಮುಂಚೆಯೇ ಅಂಗೈ ಕಾಣದಾದರೆ ಪಾಚಿ ಮಿತಿಮೀರಿದೆ. ತಳದವರೆಗೂ ತಿಳಿಯಾಗಿದ್ದರೆ ಮೀನಿಗೆ ಸಹಜ ಆಹಾರ ಇಲ್ಲ. ಮಣ್ಣಿನ ಬಗ್ಗಡಕ್ಕೆ ಈ ಲೆಕ್ಕ ಹೊಂದೋದಿಲ್ಲ.

ಬೆಳಗಿನ ಜಾವ ಬಾಯಿ ಬಿಡುತ್ತಿದ್ದರೆ

ಎಲ್ಲಕ್ಕಿಂತ ಹೆಚ್ಚು ಕಾಣೋದು ಇದು. ಹೊತ್ತು ಮೂಡೋ ಮುಂಚೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಾ ಇರ್ತವೆ. ಬಿಸಿಲೇರಿದ ಮೇಲೆ ಕೆಳಗಿಳಿದು ಏನೂ ಆಗಿಲ್ಲವೇನೋ ಅನ್ನೋ ಹಾಗೆ ಓಡಾಡ್ತವೆ. ಸತ್ತರೆ ಮೊದಲು ಸಾಯೋದು ದೊಡ್ಡ ಮೀನು. ಇದು ಆಮ್ಲಜನಕದ ಕೊರತೆ.

ಪಾಚಿ ಹಗಲು ಬಿಸಿಲಿನಲ್ಲಿ ನೀರಿಗೆ ಆಮ್ಲಜನಕ ಬಿಡುತ್ತೆ, ರಾತ್ರಿ ಅದೂ ಮೀನಿನಂತೆ ಆಮ್ಲಜನಕ ಎಳಕೊಳ್ಳುತ್ತೆ. ತಳದಲ್ಲಿ ಕೊಳೆಯೋ ಸಗಣಿ, ಉಳಿದ ತಿಂಡಿ ಕೂಡ ಎಳಕೊಳ್ಳುತ್ತೆ. ಹಾಗಾಗಿ ಸೂರ್ಯ ಹುಟ್ಟೋ ಹೊತ್ತಿಗೆ ಇಡೀ ದಿನದಲ್ಲೇ ಅತಿ ಕಡಿಮೆ. ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಮೀನು ಚೆನ್ನಾಗಿರುತ್ತೆ. 3ಕ್ಕಿಂತ ಇಳಿದರೆ ಒದ್ದಾಟ ಶುರು. ನೀರು ಬಿಸಿಯಾದಷ್ಟೂ ಅದು ಹಿಡಿಯೋ ಆಮ್ಲಜನಕ ಕಮ್ಮಿ. 20 ಡಿಗ್ರಿ ನೀರು ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿ ನೀರು ಹಿಡಿಯೋದು ಏಳೂವರೆ ಅಷ್ಟೆ.

ಎರಡು ಮೂರು ದಿನ ಮೋಡ ಕವಿದು ಬಿಸಿಲು ಬೀಳದಿದ್ದರೆ ಎಚ್ಚರ ಇರಲಿ. ಬೇಸಿಗೆಯಲ್ಲಿ ಗುಡುಗು ಮಳೆ ಬಿದ್ದಾಗಲೂ ಹಾಗೇ. ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು ತಳದ ಕೆಟ್ಟ ನೀರು ಮೇಲೆ ಕಲಸುತ್ತೆ. ನೆನ್ನೆ ಗಾಢ ಹಸಿರಿದ್ದ ನೀರು ಇವತ್ತು ಕಂದಾಯಿತು ಅಂದರೆ ಪಾಚಿ ಸತ್ತಿದೆ ಅಂತ ಅರ್ಥ. ಅವತ್ತಿನ ರಾತ್ರಿ ಕಾಯಲೇಬೇಕು.

ಉಪಚಾರ ಸರಳ. ಎಂಜಿನ್ ಹಚ್ಚಿ ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಬೀಳಿಸಬೇಕು. ಪೈಪಿನ ತುದಿಗೆ ಸ್ಪ್ರಿಂಕ್ಲರ್ ಜೆಟ್ ಅಥವಾ ತೂತು ಕೊರೆದ ಪೈಪಿನ ತುಂಡು ಹಾಕಿದರೆ ನೀರು ಹನಿಹನಿಯಾಗಿ ಬಿದ್ದು ಗಾಳಿ ಬೆರೆಸುತ್ತೆ. ಈ ಕೆಲಸಕ್ಕೆ ಫುಟ್‌ವಾಲ್ವ್ ಮೇಲ್ಭಾಗದಲ್ಲೇ ಇರಲಿ, ತಳದ ರಾಡಿ ಎಬ್ಬಿಸಬೇಡಿ. ರಾತ್ರಿ 2 ಗಂಟೆಯಿಂದ ಬಿಸಿಲು ಮೂಡೋವರೆಗೆ ನಡೆಸಿದರೆ ಸಾಕು. ಬೋರ್ ನೀರಿದ್ದರೆ ಅದನ್ನೂ ಎತ್ತರದಿಂದ ಬೀಳಿಸಿ. ಅವತ್ತು ತಿಂಡಿ ಬೇಡ, ಸಗಣಿ ಬೇಡ. ನೇರಳೆ ಹರಳು (ಪರ್ಮಾಂಗನೇಟ್) ಹಾಕಲೇಬೇಡಿ. ಅದು ಪಾಚಿಯನ್ನು ಕೊಲ್ಲುತ್ತೆ, ಸತ್ತ ಪಾಚಿ ಕೊಳೆತು ಇದ್ದಬದ್ದ ಆಮ್ಲಜನಕವನ್ನೂ ತಿನ್ನುತ್ತೆ.

ತಿಂಡಿ ಬಿಟ್ಟು ಮಂಕಾಗಿದ್ದರೆ

ಬಾಯಿ ಬಿಡೋದು ಬಿಸಿಲೇರಿದರೂ ನಿಲ್ಲಲಿಲ್ಲ, ತಿಂಡಿ ಮುಟ್ಟುತ್ತಿಲ್ಲ, ಮೀನು ಮಂಕಾಗಿ ದಂಡೆಗೆ ಬಂದು ನಿಲ್ಲುತ್ತಿದೆ, ತಳ ಕೆದಕಿದರೆ ಕೊಳೆತ ವಾಸನೆ. ಇದಕ್ಕೆ ಅಮೋನಿಯಾ ಕಾರಣ ಇರಬಹುದು. ಮೀನಿನ ಮಲ, ಉಳಿದ ಹಿಂಡಿ ತೌಡು, ಹೆಚ್ಚಾದ ಸಗಣಿ ಇವುಗಳಿಂದ ಅಮೋನಿಯಾ ಹುಟ್ಟುತ್ತೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ತಳಕ್ಕೆ ಮಣ್ಣಿನ ಆಸರೆ ಇಲ್ಲ, ಕೊಳಕೆಲ್ಲ ಹಾಳೆ ಮೇಲೆ ಕೂರುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತೆ, ಒಂದು ಸಾಧು, ಒಂದು ವಿಷ. ಯಾವುದು ಎಷ್ಟು ಅನ್ನೋದನ್ನು ನೀರಿನ ರಸಸಾರ ತೀರ್ಮಾನಿಸುತ್ತೆ. 30 ಡಿಗ್ರಿ ಬಿಸಿಯ ನೀರಿನಲ್ಲಿ ರಸಸಾರ 7 ಇದ್ದರೆ ನೂರರಲ್ಲಿ ಒಂದು ಪಾಲೂ ವಿಷ ಆಗಿರೋದಿಲ್ಲ. 8 ಆದರೆ ಸುಮಾರು 7 ಪಾಲು. 9 ಆದರೆ 40 ಪಾಲಿಗೂ ಮೇಲೆ. ಈಗ ಯೋಚಿಸಿ, ಇಂಥ ಹೊಂಡಕ್ಕೆ ಸುಟ್ಟ ಸುಣ್ಣ ಹಾಕಿದರೆ ಏನಾಗುತ್ತೆ? ರಸಸಾರ ಒಮ್ಮೆಲೇ ಏರಿ, ಸಾಧುವಾಗಿದ್ದದ್ದೆಲ್ಲ ವಿಷ ಆಗುತ್ತೆ. ನಮ್ಮ ಪಕ್ಕದ ಊರಿನಲ್ಲಿ ಒಬ್ಬರ ಹೊಂಡದಲ್ಲಿ ಬೆಳಿಗ್ಗೆ ಹತ್ತು ಮೀನು ಸತ್ತಿದ್ದವು. ಸುಣ್ಣ ಹಾಕಿದ ದಿನವೇ ಸಂಜೆ ಹೊತ್ತಿಗೆ ನೂರು ದಾಟಿತು. ಸುಣ್ಣ ಕೆಟ್ಟದ್ದಲ್ಲ, ಹಾಕಿದ ಹೊತ್ತು ಕೆಟ್ಟದ್ದು.

ರಸಸಾರ ನೋಡೋಕೆ ಬಣ್ಣ ಬದಲಿಸೋ ಪಟ್ಟಿ ಕಾಗದ ಸಿಗುತ್ತೆ. ಪೇಟೆಯಲ್ಲಿ ಗಾಜಿನ ತೊಟ್ಟಿಯ ಬಣ್ಣದ ಮೀನು ಮಾರೋ ಅಂಗಡಿಗಳಲ್ಲಿ ಅಮೋನಿಯಾ ನೋಡೋ ಕಿಟ್ಟೂ ಸಿಗುತ್ತೆ. ನಾಲ್ಕೈದು ಹೊಂಡದವರು ಸೇರಿ ಒಂದು ತಂದರೆ ಹೊರೆಯಾಗದು. ರಸಸಾರವನ್ನು ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ನೋಡಿ. 7ರಿಂದ ಎಂಟೂವರೆ ಒಳಗಿದ್ದರೆ ಚಿಂತೆ ಇಲ್ಲ. ಬೆಳಿಗ್ಗೆ ಏಳೂವರೆ ಇದ್ದದ್ದು ಸಂಜೆ ಒಂಬತ್ತೂವರೆ ಆದರೆ ಪಾಚಿ ಮಿತಿಮೀರಿದೆ.

ಅಮೋನಿಯಾಕ್ಕೆ ಮದ್ದು, ತಿಂಡಿ ನಿಲ್ಲಿಸಿ ನೀರು ಬದಲಿಸೋದು. ಈ ಸಲ ಫುಟ್‌ವಾಲ್ವ್ ತಳದಲ್ಲಿ ಇಟ್ಟು, ಕಾಲು ಭಾಗ ನೀರನ್ನು ನಿಧಾನಕ್ಕೆ ಹೊರಗೆಳೆದು ಬೆಳೆಗೆ ಬಿಡಿ. ಮೀನಿಗೆ ವಿಷವಾದ ಆ ನೀರು ಬೆಳೆಗೆ ಗೊಬ್ಬರ. ಬೇರೆ ನೀರು ಇಲ್ಲದವರು ಮಾರುವಂಥ ಮೀನನ್ನು ಹಿಡಿದು ಸಂಖ್ಯೆ ಇಳಿಸೋದೇ ದಾರಿ.

ಸುಣ್ಣ ಯಾವಾಗ ಬೇಕು? ಹಾಳೆ ಹೊಂಡದಲ್ಲಿ ಬರೀ ಮಳೆನೀರು ನಿಂತಿದ್ದರೆ ಅದರಲ್ಲಿ ಸುಣ್ಣದ ಅಂಶ ಕಡಿಮೆ, ರಸಸಾರ ಏರಿಳಿಯುತ್ತೆ. ಅದಕ್ಕೆ ಮರಿ ಬಿಡೋ ಎರಡು ವಾರ ಮುಂಚೆ ಗುಂಟೆಗೆ 2 ಕಿಲೋ ಲೆಕ್ಕದಲ್ಲಿ ಕೃಷಿ ಸುಣ್ಣ ಹಾಕಬೇಕು. ಇದು ಸುಡದ ಸುಣ್ಣಕಲ್ಲಿನ ಪುಡಿ, ರಸಸಾರವನ್ನು ಒಮ್ಮೆಲೇ ಏರಿಸೋದಿಲ್ಲ.

ಎಲ್ಲಾ ಒಟ್ಟಿಗೆ ಸತ್ತರೆ

ಮರಿ, ದೊಡ್ಡದು ಭೇದವಿಲ್ಲದೆ ಒಂದೇ ಹೊತ್ತಿಗೆ ಸತ್ತರೆ, ಸಾಯೋ ಮುಂಚೆ ಸುತ್ತು ಹೊಡೆದು ಹಾರಿದ್ದರೆ, ನೀರಿನ ಹುಳುಗಳೂ ಸತ್ತು ತೇಲಿದ್ದರೆ ವಿಷದ ಅನುಮಾನ ಪಡಬೇಕು. ಹತ್ತಿ, ತೊಗರಿ, ಮೆಣಸಿನಕಾಯಿಗೆ ಹೊಡೆಯೋ ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಜಾತಿಯ ಔಷಧಿಗಳು ಮೀನಿಗೆ ಭಾರೀ ವಿಷ. ಗಾಳಿಯಲ್ಲಿ ತೇಲಿ ಬಂದ ಹನಿ, ಹೊಂಡದ ನೀರಿನಲ್ಲಿ ತೊಳೆದ ಕ್ಯಾನು, ಔಷಧಿ ಹೊಡೆದ ಮೇಲೆ ಬಂದ ಮಳೆಯ ಹರಿವು, ಯಾವುದೂ ಸಾಕು.

ಇದಕ್ಕೆ ಔಷಧಿ ಇಲ್ಲ. ಒಳಹರಿವು ಮುಚ್ಚಿ, ಒಳ್ಳೆ ನೀರು ಇದ್ದರೆ ಬಿಡಿ. ಈ ಮೀನನ್ನು ತಿನ್ನಬೇಡಿ, ಮಾರಬೇಡಿ, ಕೋಳಿ ನಾಯಿಗೂ ಹಾಕಬೇಡಿ. ನಷ್ಟ ಆಯ್ತಲ್ಲ ಅಂತ ಸಂತೆಗೆ ಒಯ್ದರೆ ನಮ್ಮ ನಷ್ಟವನ್ನು ಬೇರೆಯವರ ಮಕ್ಕಳ ತಟ್ಟೆಗೆ ಬಡಿಸಿದ ಹಾಗೆ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಮುಂದಕ್ಕೆ, ಹರಿವು ಬರೋ ಕಡೆ ಹೂಳು ತಡೆಯೋ ಗುಂಡಿ ಮಾಡಿ. ಸುತ್ತಲ ಹೊಲಕ್ಕೆ ಔಷಧಿ ಹೊಡೆದಿದ್ದರೆ ಮೊದಲ ಹರಿವನ್ನು ಹೊರಗೆ ತಿರುಗಿಸಿ. ಅಕ್ಕಪಕ್ಕದ ಹೊಲದವರಿಗೂ ಮೊದಲೇ ಒಂದು ಮಾತು ಹೇಳಿಡಿ.

ಮೈಮೇಲೆ ಗಾಯ, ಹೇನು ಕಂಡರೆ

ದಿನಕ್ಕೆ ಒಂದೆರಡರಂತೆ ಸಾಯ್ತಾ ಇದ್ದು, ಮೈಮೇಲೆ ಗುರುತು ಕಂಡರೆ ಅದು ರೋಗ ಅಥವಾ ಹೇನು. ಮೀನು ಹಾಳೆಗೆ ಮೈ ಉಜ್ಜುತ್ತಾ ಹಾರುತ್ತಿದ್ದರೆ ಒಂದನ್ನು ಹಿಡಿದು ನೋಡಿ. ಹುರುಪೆ ಮೇಲೆ ಚಪ್ಪಟೆಯಾಗಿ ಹರಿದಾಡೋ ಹೇನು ಬರಿಗಣ್ಣಿಗೇ ಕಾಣುತ್ತೆ. ಇದು ಗಟ್ಟಿ ವಸ್ತುವಿನ ಮೇಲೆ ಮೊಟ್ಟೆ ಇಡುತ್ತೆ. ಅದಕ್ಕೆ ಹೊಂಡದಲ್ಲಿ ಅಲ್ಲಲ್ಲಿ ಬಿದಿರು ಗಳ ಇಳಿಬಿಟ್ಟು, ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಚೆನ್ನಾಗಿ ಒಣಗಿಸಿ ಮತ್ತೆ ಇಳಿಸಬೇಕು. ಹೇನಿಗೆ ಹೊಡೆಯೋ ಔಷಧಿಗಳು ಕೀಟನಾಶಕವೇ. ಅಳತೆ ಸ್ವಲ್ಪ ತಪ್ಪಿದರೂ ಮೀನೇ ಹೋಗುತ್ತೆ. ಮೀನುಗಾರಿಕೆ ಇಲಾಖೆಯವರನ್ನು ಕೇಳದೆ ಹಾಕಬೇಡಿ.

ಮಳೆಗಾಲ ಮುಗಿದು ಚಳಿ ಹಿಡಿಯೋ ಹೊತ್ತಿಗೆ ಮೈಮೇಲೆ ಕೆಂಪು ಚುಕ್ಕೆ ಎದ್ದು ಆಳವಾದ ಹುಣ್ಣಾಗೋ ರೋಗ ಒಂದಿದೆ. ಇದು ಒಂದು ಬಗೆಯ ಬೂಷ್ಟಿನಿಂದ ಬರೋದು. ಇದಕ್ಕೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಂಸ್ಥೆ ಸಿಫಾಕ್ಸ್ ಅನ್ನೋ ಔಷಧಿ ತಯಾರಿಸಿದೆ. ಹೆಕ್ಟೇರಿಗೆ 1 ಮೀಟರ್ ಆಳದ ನೀರಿಗೆ 1 ಲೀಟರ್. ನಮ್ಮ ಲೆಕ್ಕಕ್ಕೆ 1 ಲಕ್ಷ ಲೀಟರ್ ನೀರಿಗೆ 10 ಮಿಲಿ.

ನೀರಿನ ಲೆಕ್ಕ ತಿಳಿದಿರಲಿ

ಔಷಧಿ ಯಾವುದೇ ಇರಲಿ, ಹೊಂಡದಲ್ಲಿ ಇವತ್ತು ಎಷ್ಟು ನೀರಿದೆ ಅಂತ ತಿಳಿಯದೆ ಹಾಕಬಾರದು. ಚೌಕ ಹೊಂಡಕ್ಕೆ ಲೆಕ್ಕ ಹೀಗೆ: ನೀರಿನ ಮೇಲ್ಭಾಗದ ಉದ್ದ, ತಳದ ಉದ್ದ ಎರಡನ್ನೂ ಕೂಡಿಸಿ ಅರ್ಧ ಮಾಡಿ. ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಮತ್ತೆ ಗುಣಿಸಿ. ಬಂದದ್ದಕ್ಕೆ ಮೂರು ಸೊನ್ನೆ ಸೇರಿಸಿದರೆ ಲೀಟರ್. ಮೇಲೆ 19 ಮೀಟರ್, ತಳ 15 ಮೀಟರ್, ಆಳ 2 ಮೀಟರ್ ಇದ್ದರೆ 17 × 17 × 2 = 578, ಅಂದರೆ 5 ಲಕ್ಷ 78 ಸಾವಿರ ಲೀಟರ್. ಸಿಫಾಕ್ಸ್ ಬೇಕಾದ್ದು 58 ಮಿಲಿ.

ಮರಿ ಸಂಖ್ಯೆಗೂ ಲೆಕ್ಕ ಬೇಕು. ಎರಡು ಚದರ ಮೀಟರಿಗೆ ಒಂದು ಮೀನು ಸಾಕು. 21 ಮೀಟರ್ ಚೌಕದ ಹೊಂಡಕ್ಕೆ 220 ಮರಿ. ಮೇಲೆ ಮೇಯೋ ಕಾಟ್ಲಾ, ನಡುವೆ ಮೇಯೋ ರೋಹು, ತಳದ ಮೃಗಾಲ್ ಅಥವಾ ಸಾಮಾನ್ಯ ಗೆಂಡೆ ಬೆರೆಸಿ. ಮರಿ ಮಾರೋರು ಸಾವಿರ ಬಿಡಿ ಅಂದರೂ ಕೇಳಬೇಡಿ. ಶೇಂಗಾ ಹಿಂಡಿ, ಅಕ್ಕಿ ತೌಡು ಸಮ ಬೆರೆಸಿ ಮೀನಿನ ಒಟ್ಟು ತೂಕದ ನೂರಕ್ಕೆ ಎರಡು ಪಾಲು ಕೊಡಿ. ಕಾಲು ಕಿಲೋ ತೂಗೋ 200 ಮೀನಿದ್ದರೆ ದಿನಕ್ಕೆ 1 ಕಿಲೋ. ತಟ್ಟೆಯಲ್ಲಿಟ್ಟು ಇಳಿಬಿಟ್ಟರೆ ಉಳಿದದ್ದು ಗೊತ್ತಾಗುತ್ತೆ. ಬೇಸಿಗೆಯಲ್ಲಿ ಬೆಳೆಗೆ ನೀರು ಎಳೆದ ಹಾಗೆಲ್ಲ ಮೀನಿಗೆ ಜಾಗ ಕಿರಿದಾಗುತ್ತೆ. ನೀರು ಅರ್ಧಕ್ಕಿಳಿಯೋ ಮುಂಚೆಯೇ ದೊಡ್ಡವನ್ನು ಹಿಡಿದು ಮಾರಿ.

ತಿಳಿಯದಿದ್ದರೆ ಯಾರನ್ನು ಕೇಳೋದು?

ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರ ಇವೆ. ಹೋಗುವಾಗ ಒಂದು ಲೀಟರ್ ಬಾಟಲಿಯಲ್ಲಿ ಗಾಳಿ ಉಳಿಯದಂತೆ ನೀರು ತುಂಬಿಕೊಳ್ಳಿ. ಮೀನು ಒಯ್ಯುವುದಾದರೆ ಇನ್ನೂ ಜೀವ ಇರೋ, ಸೊರಗಿದ ಮೀನು ಒಯ್ಯಿರಿ. ಕೊಳೆತ ಮೀನಿನಿಂದ ಏನೂ ತಿಳಿಯೋದಿಲ್ಲ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಾಳೆ ಹಾಸಿದ ಹೊಂಡಕ್ಕೆ ಜಾರಿದರೆ ಈಜು ಬಲ್ಲವರಿಗೂ ಮೇಲೆ ಹತ್ತೋದು ಕಷ್ಟ. ಹೊಂಡದಲ್ಲಿ ಜೀವ ಕಳಕೊಂಡ ಮಕ್ಕಳ ಸುದ್ದಿ ನಾವೆಲ್ಲ ಕೇಳಿದ್ದೇವೆ. ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಸುತ್ತ ಬೇಲಿ ಕಟ್ಟಿ. ಬೆಳಗಿನ ಜಾವದ ಕತ್ತಲಲ್ಲಿ ಮೀನು ನೋಡೋಕೆ ಒಬ್ಬರೇ ಹೋಗಬೇಡಿ. ಮೀನು ಹೋದರೆ ಮುಂದಿನ ಮಳೆಗೆ ಮರಿ ಬಿಡಬಹುದು.