ಸಸ್ಯಾಹಾರಿ ಮನೆಯಲ್ಲೂ ಹೃದಯಾಘಾತ ಏಕೆ?

ಮಾಂಸ, ಮೊಟ್ಟೆಯ ಮಾತಿರಲಿ, ಈರುಳ್ಳಿ, ಆಲೂಗಡ್ಡೆಯನ್ನೂ ಮುಟ್ಟದ, ಸೂರ್ಯಾಸ್ತದೊಳಗೆ ಊಟ ಮುಗಿಸುವ ಶ್ರಾವಕರೊಬ್ಬರಿಗೆ 45ನೇ ವಯಸ್ಸಿಗೇ ಹೃದಯಾಘಾತವಾದರೆ ಬಂಧುಗಳಿಗೆ ಅರ್ಥವಾಗುವುದಿಲ್ಲ. ಕಾರಣ ಕೆಲವೊಮ್ಮೆ ತಟ್ಟೆಯಲ್ಲಿರುವುದಿಲ್ಲ, ವಂಶದಲ್ಲಿರುತ್ತದೆ.

ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ಊಟದಿಂದ ಬಂದದ್ದಲ್ಲ, ದೇಹವೇ ತಯಾರಿಸಿದ್ದು. ಎಣ್ಣೆ ನೀರಿನಲ್ಲಿ ಬೆರೆಯದಂತೆ ಅದು ರಕ್ತದಲ್ಲಿ ಕರಗದು. ಅದನ್ನು ಹೊತ್ತು ಸಾಗುವ ಸೂಕ್ಷ್ಮ ಕಣಗಳಿಗೆ ಹೊದಿಕೆಯಾಗಿ, ಎಲ್ಲಿ ಇಳಿಯಬೇಕೆಂಬ ವಿಳಾಸವೂ ಆಗಿರುವ ಪ್ರೋಟೀನ್‌ಗಳೇ ಅಪೊಲಿಪೊಪ್ರೋಟೀನ್‌ಗಳು. ಇವುಗಳ ರೂಪ ಎಲ್ಲರಲ್ಲೂ ಒಂದೇ ಅಲ್ಲ.

ಉದಾಹರಣೆಗೆ ಅಪೊ-ಇ. ಇದರಲ್ಲಿ ಇ2, ಇ3, ಇ4 ಎಂಬ ಮೂರು ಮುಖ್ಯ ರೂಪಗಳಿವೆ. ಹೆಚ್ಚಿನವರಲ್ಲಿರುವುದು ಇ3. ಇ4 ಇದ್ದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಸಾಮಾನ್ಯವಾಗಿ ತುಸು ಹೆಚ್ಚು.

ನಮ್ಮವರು ಇದಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಲಿಪೊಪ್ರೋಟೀನ್-ಎ. 1963ರಲ್ಲಿ ನಾರ್ವೆಯ ವಿಜ್ಞಾನಿ ಕೋರೆ ಬರ್ಗ್ ಇದನ್ನು ಗುರುತಿಸಿದರು. ಎಲ್‌ಡಿಎಲ್‌ನಂಥದೇ ಕಣಕ್ಕೆ ಅಪೊ-ಎ ಎಂಬ ಇನ್ನೊಂದು ಪ್ರೋಟೀನ್ ಬಾಲದಂತೆ ಅಂಟಿಕೊಂಡಿರುತ್ತದೆ. ಈ ಬಾಲ ಕೆಲವರಲ್ಲಿ ಉದ್ದ, ಕೆಲವರಲ್ಲಿ ಗಿಡ್ಡ. ಗಿಡ್ಡವಾಗಿದ್ದರೆ ಯಕೃತ್ತು ಅದನ್ನು ಹೆಚ್ಚು ಹೊರಬಿಡುತ್ತದೆ. ಆ ಕಣಗಳು ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡು ನಾಳವನ್ನು ಕಿರಿದಾಗಿಸುತ್ತವೆ. ಪ್ರಮಾಣ 50 ಮಿಲಿಗ್ರಾಂ (ಪ್ರತಿ ಡೆಸಿಲೀಟರಿಗೆ) ದಾಟಿದರೆ ಅಪಾಯ ಹೆಚ್ಚೆಂದು ವೈದ್ಯರು ಪರಿಗಣಿಸುತ್ತಾರೆ. ಪಥ್ಯ, ಉಪವಾಸ, ನಡಿಗೆ ಯಾವುದಕ್ಕೂ ಇದು ಹೆಚ್ಚು ಬಗ್ಗದು. ಸ್ಟಾಟಿನ್ ಮಾತ್ರೆಗೂ ಇಳಿಯದು.

ಹಾಗೆಂದು ಕೈಚೆಲ್ಲಬೇಕಿಲ್ಲ. ಎಲ್‌ಡಿಎಲ್, ರಕ್ತದೊತ್ತಡ, ಸಕ್ಕರೆಯನ್ನು ಹಿಡಿತದಲ್ಲಿಟ್ಟರೆ ಒಟ್ಟು ಅಪಾಯ ತಗ್ಗುತ್ತದೆ. ಇಲ್ಲಿ ಸಸ್ಯಾಹಾರದಿಂದ ನೆರವು ಉಂಟು, ಆದರೆ ಪಾರಣೆಯ ದಿನದ ತುಪ್ಪದ ಸಿಹಿ, ಕರಿದ ತಿಂಡಿಯೂ ಸಸ್ಯಾಹಾರವೇ ಎಂಬುದು ನೆನಪಿರಲಿ!

ಸಾಮಾನ್ಯ ಲಿಪಿಡ್ ಪ್ರೊಫೈಲ್ ವರದಿಯಲ್ಲಿ ಲಿಪೊಪ್ರೋಟೀನ್-ಎ ಇರುವುದಿಲ್ಲ. ಪ್ರತ್ಯೇಕವಾಗಿ ಕೇಳಬೇಕು. ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ, ಹೆಚ್ಚಿನವರಿಗೆ ಜೀವನದಲ್ಲಿ ಒಂದು ಬಾರಿ ಮಾಡಿಸಿದರೆ ಸಾಕು. ತಂದೆ, ಚಿಕ್ಕಪ್ಪ, ಸೋದರಮಾವ ಹೀಗೆ ಹತ್ತಿರದವರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ವೈದ್ಯರಿಗೆ ಅದನ್ನು ಹೇಳಿ, ಈ ಪರೀಕ್ಷೆಯ ಬಗ್ಗೆ ವಿಚಾರಿಸುವುದು ಒಳ್ಳೆಯದು. ಒಬ್ಬರಲ್ಲಿ ಹೆಚ್ಚು ಕಂಡುಬಂದರೆ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷಿಸಿಕೊಳ್ಳಬೇಕು.