ನೀರಿನ ಜಾಡಿನಲ್ಲಿ ವಿಜಯಪುರ

ವಿಜಯಪುರವೆಂದೊಡನೆ ಕಣ್ಣಮುಂದೆ ನಿಲ್ಲುವುದು ಗೋಲಗುಮ್ಮಟ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ರೈಲು ನಿಲ್ದಾಣವಿರುವುದೇ ಊರಿನ ಪೂರ್ವಕ್ಕೆ, ಗುಮ್ಮಟದ ಮಗ್ಗುಲಿಗೆ. ಗಾಡಿ ಇನ್ನೂ ಜೋಳದ ಹೊಲಗಳ ನಡುವೆ ಓಡುತ್ತಿರುವಾಗಲೇ ಆ ಬೃಹದಾಕೃತಿ ದಿಗಂತದ ಮೇಲೆ ಕಾಣಿಸಿಕೊಂಡು ಪ್ರಯಾಣಿಕನ ಮನಸ್ಸನ್ನು ವಶಪಡಿಸಿಕೊಳ್ಳುತ್ತದೆ. ಇಳಿದವನು ನೇರವಾಗಿ ಅಲ್ಲಿಗೆ ಹೋಗಿ, ಮೆಟ್ಟಿಲೇರಿ, ಪಿಸುಮಾತಿನ ಮೊಗಸಾಲೆಯಲ್ಲಿ ಒಮ್ಮೆ ಗಟ್ಟಿಯಾಗಿ ಕೂಗಿ, ಇಬ್ರಾಹಿಂ ರೋಜಾದ ಮುಂದೆ ಚಿತ್ರ ತೆಗೆಸಿಕೊಂಡು, ಮಲಿಕ್-ಎ-ಮೈದಾನ್ ತೋಪಿನ ಮೈದಡವಿ, ಸಂಜೆಯ ಗಾಡಿಗೆ ಹಿಂದಿರುಗುತ್ತಾನೆ. ಹೀಗೆ ನೋಡಿದವನಿಗೆ ಕಟ್ಟಡಗಳು ಕಂಡಾವು. ಊರು ಕಂಡೀತೆಂದು ಹೇಳಲಾಗದು.

ಊರು ಕಾಣಬೇಕಾದರೆ ನಡೆಯಬೇಕು. ಅದೂ ಅಲ್ಲಿಯೇ ಹುಟ್ಟಿ, ಅಲ್ಲಿಯ ಬಿಸಿಲು ಬರಗಳನ್ನು ಉಂಡು ಬೆಳೆದವರೊಬ್ಬರ ಜೊತೆಯಲ್ಲಿ ನಡೆಯಬೇಕು. ನಮಗೆ ಆ ಅವಕಾಶ ಒದಗಿದುದು ಮಿತ್ರರೊಬ್ಬರ ಮುಖಾಂತರ. ನಮ್ಮ ಸಂಗಡ ಬಂದವರು ನಿವೃತ್ತ ಶಾಲಾ ಮಾಸ್ತರರು. ಅವರ ಮನೆತನ ಕೋಟೆಯೊಳಗಿನ ಹಳೆಯ ಓಣಿಯೊಂದರಲ್ಲಿ ನಾಲ್ಕೈದು ತಲೆಗಳಿಂದ ನೆಲೆಸಿದ್ದು. ಹಣದ ಮಾತನ್ನು ಅವರು ಎತ್ತಲೇ ಇಲ್ಲ. ಅವರು ಹಾಕಿದ ಕರಾರು ಒಂದೇ: ನಡಿಗೆ ಪಶ್ಚಿಮದಿಂದ ಆರಂಭವಾಗಬೇಕು, ಗುಮ್ಮಟ ಕಟ್ಟಕಡೆಗೆ ಬರಬೇಕು. ಕಾರಣ ಕೇಳಿದರೆ, “ನೀರು ಬಂದ ದಾರಿ ಅದರಿ. ಮೊದಲ ನೀರು ನೋಡೂಣು, ಆಮ್ಯಾಲ ಗುಮ್ಮಟ” ಎಂದರು.

ಈ ಮಾತಿನ ಅರ್ಥ ತಿಳಿಯಬೇಕಾದರೆ ಆ ಪ್ರದೇಶದ ಸ್ಥಿತಿಯನ್ನು ನೆನೆಯಬೇಕು. ವಿಜಯಪುರಕ್ಕೆ ನದಿಯಿಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ಎರಡೂ ದೂರ. ಮಳೆ ವರ್ಷಕ್ಕೆ ೬೦ ಸೆಂಟಿಮೀಟರಿನ ಆಸುಪಾಸು; ಅದನ್ನೂ ನಂಬಿ ಕೂಡುವಂತಿಲ್ಲ. ೧೮೭೬–೭೮ರ ಮಹಾಕ್ಷಾಮದಲ್ಲಿ ಈ ಸೀಮೆ ಅನುಭವಿಸಿದ ಪಾಡು ಇತಿಹಾಸದಲ್ಲಿ ದಾಖಲಾಗಿದೆ. ಇಂತಹ ನೆಲದಲ್ಲಿ ೧೪೯೦ರ ಸುಮಾರಿನಿಂದ ೧೬೮೬ರವರೆಗೆ, ಹತ್ತಿರ ಹತ್ತಿರ ಇನ್ನೂರು ವರ್ಷ, ಆದಿಲಶಾಹಿಗಳ ರಾಜಧಾನಿ ಮೆರೆಯಿತು. ಒಂದನೆಯ ಅಲಿ ಆದಿಲಶಾಹನು ೧೫೬೫ರಲ್ಲಿ ಪೂರ್ತಿಗೊಳಿಸಿದ ಕೋಟೆಯ ಸುತ್ತಳತೆಯೇ ಸುಮಾರು ೧೦ ಕಿಲೋಮೀಟರು. ಅದರೊಳಗಿನ ಜನಕ್ಕೆ, ದಂಡಿಗೆ, ಆನೆ ಕುದುರೆಗಳಿಗೆ, ಅರಮನೆಯ ಕಾರಂಜಿಗಳಿಗೆ ನೀರು ಎಲ್ಲಿಂದ ಬಂದಿತು? ಗುಮ್ಮಟವನ್ನು ಕಂಡು ಬೆರಗಾಗುವವರು ಈ ಪ್ರಶ್ನೆಯನ್ನು ಕೇಳುವುದು ಅಪರೂಪ. ಆದರೆ ಇದಕ್ಕೆ ಉತ್ತರ ದೊರೆಯದಿದ್ದರೆ ಗುಮ್ಮಟಕ್ಕೂ ಆಧಾರವಿಲ್ಲ.

ಬೆಳಗಿನ ಏಳು ಗಂಟೆಗೆ ಮಕ್ಕಾ ದರವಾಜೆಯ ಆಚೆಗಿರುವ ಇಬ್ರಾಹಿಂ ರೋಜಾದಿಂದ ಹೊರಟೆವು. ಎರಡನೆಯ ಇಬ್ರಾಹಿಂ ಆದಿಲಶಾಹನ ಈ ಗೋರಿ ಮುಗಿದದ್ದು ೧೬೨೬ರಲ್ಲಿ. ಮರುವರ್ಷವೇ ಆತ ತೀರಿಕೊಂಡ. ಕಲ್ಲಿನಲ್ಲಿ ಅಕ್ಷರಗಳನ್ನು ಜಾಲರಿಯಾಗಿ ಕೊರೆದ ಆ ಕಿಟಕಿಗಳ ಸೊಬಗನ್ನು ಬಣ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಮಾಸ್ತರರು ನಮ್ಮನ್ನು ನಿಲ್ಲಿಸಿದುದು ಗೋರಿಗೂ ಮಸೀದಿಗೂ ನಡುವೆ ಇರುವ ಕೊಳದ ಬಳಿ. ಅಲ್ಲಿಂದ ಪಶ್ಚಿಮಕ್ಕೆ ಕೈ ತೋರಿಸಿ, ತೊರವಿಯ ದಿಕ್ಕು ಅದೆಂದರು.

ತೊರವಿಯ ಹೆಸರು ಕೇಳದ ಕನ್ನಡಿಗನಿಲ್ಲ. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಆ ಊರಿನ ಹೆಸರೇ ನಿಂತಿದೆ. ಅಲ್ಲಿಯ ನರಸಿಂಹನೇ ಆ ಕವಿಯ ಆರಾಧ್ಯದೈವ. ೧೫೯೯ರಲ್ಲಿ ಇಬ್ರಾಹಿಮನು ನವರಸಪುರವೆಂಬ ಹೊಸ ಪಟ್ಟಣವನ್ನು ಕಟ್ಟಲು ತೊಡಗಿದ್ದೂ ಅದರ ಹತ್ತಿರವೇ. ೧೬೨೪ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಆದರೆ ವಿಜಯಪುರದವರ ಪಾಲಿಗೆ ತೊರವಿ ಮುಖ್ಯವಾಗಿ ನೀರಿನ ತವರು. ಅಲ್ಲಿಯ ನೀರನ್ನು ನೆಲದಡಿಯ ಸುರಂಗದಲ್ಲಿ ಹರಿಸಿ ಊರಿಗೆ ತಂದರು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂತಹ ಕಂಡಿಗಳು. ಗಾಳಿಯಾಡುವುದಕ್ಕೂ ಇಳಿದು ಹೂಳು ತೆಗೆಯುವುದಕ್ಕೂ ಅವು ಬೇಕು. ಬೀದರದಲ್ಲಿ ಕರೇಜ್ ಎಂದು ಕರೆಯುವ ವ್ಯವಸ್ಥೆಯೂ ಇದೇ ಜಾತಿಯದು. ನೆಲದ ಇಳಿಜಾರೊಂದನ್ನೇ ನಂಬಿದ ಈ ಹರಿವಿಗೆ ಯಂತ್ರ ಬೇಡ, ಎತ್ತು ಬೇಡ. ಸೂರ್ಯನ ಕಣ್ಣಿಗೆ ಬೀಳದ್ದರಿಂದ ಆವಿಯಾಗುವ ಭಯವೂ ಇಲ್ಲ.

ಮಕ್ಕಾ ದರವಾಜೆಯನ್ನು ದಾಟಿ ಸ್ವಲ್ಪ ದೂರ ನಡೆದರೆ ತಾಜ್ ಬಾವಡಿ. ಬಾವಿಯೆಂದು ಅದನ್ನು ಕರೆಯುವುದು ಸಂಕೋಚದ ಮಾತು. ಸುಮಾರು ೨೨೩ ಅಡಿ ಚೌಕದ ಸರೋವರವೇ ಅದು. ಎರಡು ಎಂಟುಮೂಲೆಯ ಗೋಪುರಗಳ ನಡುವೆ ಭವ್ಯವಾದ ಕಮಾನು, ಕಮಾನಿನ ಕೆಳಗೆ ನೀರಿಗಿಳಿಯುವ ಮೆಟ್ಟಿಲು, ಸುತ್ತಲೂ ದಾರಿಗರು ತಂಗುವುದಕ್ಕೆ ಕೋಣೆಗಳು. ೧೬೨೦ರಲ್ಲಿ ಇದನ್ನು ಕಟ್ಟಿ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿಟ್ಟರು. ಇದಕ್ಕೆ ಮಾದರಿಯೆನ್ನಬಹುದಾದ ಚಾಂದ್ ಬಾವಡಿಯು ೧೫೭೯ರಲ್ಲಿಯೇ ಶಹಾಪುರ ದರವಾಜೆಯ ಬಳಿ ಸಿದ್ಧವಾಗಿತ್ತು. ಅದು ಇತಿಹಾಸಪ್ರಸಿದ್ಧಳಾದ ಚಾಂದಬೀಬಿಯ ಹೆಸರಿನದು. ಇವೆರಡೇ ಅಲ್ಲ: ಮಾಸ ಬಾವಡಿ, ನಗರ ಬಾವಡಿ, ಲಂಗರ ಬಾವಡಿ, ಸಂದಲ್ ಬಾವಡಿ, ಇಬ್ರಾಹಿಂಪುರ ಬಾವಡಿ. ಮಾಸ್ತರರು ಹೆಸರುಗಳನ್ನು ಬಂಧುಗಳ ಹೆಸರು ಹೇಳುವಂತೆ ಒಂದೊಂದಾಗಿ ಹೇಳುತ್ತ ಹೋದರು.

ಆ ಮೆಟ್ಟಿಲುಗಳ ಮೇಲೆ ಕುಳಿತಾಗ ಅವರು ತಮ್ಮ ಬಾಲ್ಯದ ಮಾತನ್ನು ತೆಗೆದರು. ೧೯೭೨ರ ಬರ, ಅವರಿಗಾಗ ಹತ್ತು ವರ್ಷ. ಮನೆಯ ಹಿಂದಿನ ಸೇದುವ ಬಾವಿ ಬತ್ತಿತು. ತಾಯಿಯ ಸಂಗಡ ಕೊಡ ಹಿಡಿದು ನಸುಕಿನಲ್ಲಿಯೇ ಬಾವಡಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಯಾವ ಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಯುತ್ತದೆ, ಯಾವುದರಲ್ಲಿ ಎಷ್ಟು ಕುದಿಸಿದರೂ ಕಲ್ಲಿನಂತೆ ಉಳಿಯುತ್ತದೆ, ಯಾವ ನೀರು ಬಟ್ಟೆಗೆ ಮಾತ್ರ ಯೋಗ್ಯ, ಯಾವುದು ದನಕ್ಕೆ—ಇವೆಲ್ಲ ಆಗಿನ ಹೆಂಗಸರಿಗೆ ಬಾಯಿಪಾಠವಾಗಿದ್ದುವಂತೆ. ಹೆನ್ರಿ ಕಸಿನ್ಸ್ ಎಂಬ ವಿದ್ವಾಂಸರು ಈ ನಗರದ ಕಟ್ಟಡಗಳನ್ನೆಲ್ಲ ಅಳೆದು ೧೯೧೬ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಸಂಶೋಧಕರಿಗೆ ದಾರಿದೀಪ. ಆದರೆ ಬೇಳೆ ಬೇಯುವ ನೀರಿನ ವಿಷಯ ಅಳತೆಗೋಲಿಗೆ ಸಿಕ್ಕುವಂತಹದಲ್ಲ. ಅದನ್ನು ಬಲ್ಲ ತಾಯಂದಿರ ತಲೆಮಾರು ಮುಗಿಯುತ್ತ ಬಂದಿದೆ.

ಮನೆಮನೆಗೆ ನಲ್ಲಿ ಬಂದಿತು. ಕೃಷ್ಣೆಯ ನೀರು ಬಂದಿತು. ಅದು ಸಂತೋಷದ ಸಂಗತಿಯೇ. ಕೊಡ ಹೊತ್ತ ತಾಯಿಯನ್ನು ಕಂಡವರು ನಲ್ಲಿಯನ್ನು ಹಳಿಯಲಾರರು. ಆದರೆ ನಲ್ಲಿ ಬಂದ ದಿನದಿಂದ ಬಾವಡಿಯ ಮಾನ ಹೋಯಿತು. ಕಸ ಅದರೊಳಕ್ಕೆ ಬಿದ್ದಿತು; ಹಬ್ಬದ ಗಣಪತಿಗಳು ಅದರಲ್ಲಿಯೇ ಕರಗಿದವು; ಹೂಳು ತುಂಬಿತು. ಈಚಿನ ವರ್ಷಗಳಲ್ಲಿ ಸರಕಾರ ಕೈಹಾಕಿ ಹಲವು ಬಾವಡಿಗಳ ಹೂಳೆತ್ತಿಸಿದೆ. ಹೂಳೆತ್ತಿದ ಮೇಲೂ ಅದನ್ನು ಕಾಯಬೇಕಾದವರು ಓಣಿಯವರೇ. ನೀರನ್ನು ಕುಡಿಯುವವರು ಬಾವಿಯನ್ನು ಕಾಯುತ್ತಾರೆ. ಕುಡಿಯದವರು ಕಾಯುವಂತೆ ಮಾಡುವುದು ಹೇಗೆಂಬುದೇ ಈಗಿನ ಕಷ್ಟ.

ಅಲ್ಲಿಂದ ಉತ್ತರಕ್ಕೆ ಕೋಟೆಗೋಡೆಯ ಜಾಡು ಹಿಡಿದು ಹೋದರೆ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು ೫೫ ಟನ್ನು. ೧೮೫೪ರಲ್ಲಿ ಇದನ್ನು ಹರಾಜಿಗೆ ಹಾಕಿದಾಗ ಬಂದ ಸವಾಲು ನೂರೈವತ್ತು ರೂಪಾಯಿ! ಪುಣ್ಯಕ್ಕೆ ಮಾರಾಟ ರದ್ದಾಯಿತು. ಇಲ್ಲಿಯೂ ನೀರಿನ ಕಥೆಯೊಂದುಂಟು: ಬತ್ತಿ ಹಚ್ಚಿದ ಗೋಲಂದಾಜನು ಕಿವಿ ಒಡೆಯದಿರಲೆಂದು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನಂತೆ.

ಅದರ ಹತ್ತಿರವೇ ನಿಂತಿರುವ ಉಪ್ಪಲಿ ಬುರುಜನ್ನು ಹೊರಮೈಗೆ ಸುತ್ತಿಕೊಂಡ ಮೆಟ್ಟಿಲುಗಳಿಂದ ಏರಿದೆವು. ಹೈದರಖಾನನೆಂಬ ಸರದಾರ ಕಟ್ಟಿಸಿದ ಈ ಬುರುಜಿನ ಎತ್ತರ ಸುಮಾರು ೮೦ ಅಡಿ. ಮೇಲೆ ನಿಂತರೆ ಇಡೀ ನಗರ ಕಣ್ಣಿಗೆ ಬೀಳುತ್ತದೆ. ಮಾಸ್ತರರು ಅಲ್ಲಿಂದ ಬೆರಳು ಮಾಡಿ ತೋರಿಸಿದುದು ಗುಮ್ಮಟಗಳನ್ನಲ್ಲ. ಮನೆಗಳ ಸಂದಿಯಲ್ಲಿ ಒಂಟಿಯಾಗಿ ನಿಂತ ಮೋಟು ಗೋಪುರಗಳನ್ನು. ಅವಕ್ಕೆ ಗಂಜ್ ಎಂದು ಹೆಸರು. ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ದೂರದಿಂದ ಬರುವ ನೀರಿಗೆ ಒತ್ತಡ ಹೆಚ್ಚು. ಒತ್ತಡ ಮಿತಿಮೀರಿದರೆ ಕೊಳವೆ ಸೀಳುತ್ತದೆ. ಆದ್ದರಿಂದ ದಾರಿಯಲ್ಲಿ ಅಲ್ಲಲ್ಲಿ ಗೋಪುರ ಕಟ್ಟಿ ನೀರನ್ನು ಅದರೊಳಗೆ ಮೇಲಕ್ಕೇರಿಸಿ ದಣಿವಾರಿಸುತ್ತಿದ್ದರು. ಅಲ್ಲಿ ಒತ್ತಡ ತಗ್ಗುತ್ತಿತ್ತು, ಮಣ್ಣು ತಳಕ್ಕೆ ಇಳಿಯುತ್ತಿತ್ತು. ತಿಳಿಯಾದ ನೀರು ಮುಂದಿನ ಓಣಿಗಳಿಗೆ ಹರಿಯುತ್ತಿತ್ತು. ಪ್ರವಾಸಿ ಇವುಗಳನ್ನು ಹಾಳುಗೋಡೆಯೆಂದು ಬಗೆದು ಮುಂದೆ ಹೋಗುತ್ತಾನೆ. ಎಷ್ಟೋ ಕಡೆ ಊರಿನವರೂ ಹಾಗೆಯೇ ಬಗೆದಿದ್ದಾರೆ.

ಮುಂದಿನ ದಾರಿ ಅರಕಿಲ್ಲೆಯ ಕಡೆಗೆ. ಎರಡನೆಯ ಅಲಿಯ ಮುಗಿಯದ ಗೋರಿಯಾದ ಬಾರಾ ಕಮಾನಿನ ಕರಿಗಲ್ಲಿನ ಕಮಾನುಗಳನ್ನೂ, ಗಗನ ಮಹಲಿನ ಮಹಾದ್ವಾರವನ್ನೂ ನೋಡಿ, ಸಾತ್ ಮಂಜಿಲ್ ಎಂಬ ಅರಮನೆಯ ಅವಶೇಷದ ಮುಂದೆ ನಿಂತೆವು. ಒಂದು ಕಾಲಕ್ಕೆ ಏಳಂತಸ್ತಿನದಾಗಿದ್ದ ಅದರ ಗೋಡೆಗಳಲ್ಲಿ ನೀರಿನ ಕೊಳವೆಗಳ ಗುರುತುಗಳಿವೆ. ಮೇಲಿನ ಮಾಳಿಗೆಗಳವರೆಗೂ ನೀರು ಏರುತ್ತಿತ್ತು. ಎದುರಿಗೆ ಜಲಮಂಜಿಲ್ ಎಂಬ ಪುಟ್ಟ ಮಂಟಪ. ಸುತ್ತಲೂ ನೀರು ನಿಂತಿರಲೆಂದು ಕಟ್ಟಿದ ಆ ಸುಕುಮಾರ ಕಟ್ಟಡದ ಸುತ್ತ ಈಗ ಹರಿಯುವುದು ವಾಹನಗಳ ಪ್ರವಾಹ. ಹೆಸರಿನಲ್ಲಿ ಮಾತ್ರ ಜಲ ಉಳಿದಿದೆ.

ಕಿಲ್ಲೆಯ ಪೂರ್ವದ ಅಂಚಿಗೆ ೧೬೪೬ರ ಅಸಾರ ಮಹಲು. ನ್ಯಾಯಸ್ಥಾನವಾಗಿ ಹುಟ್ಟಿ ಮುಂದೆ ಪ್ರವಾದಿಗಳ ಪವಿತ್ರ ಕೇಶವನ್ನು ಇರಿಸುವ ಸ್ಥಳವಾದ ಈ ಕಟ್ಟಡದ ಮುಂದೆ ದೊಡ್ಡ ಕೊಳವಿದೆ. ಅದಕ್ಕೆ ನೀರು ಬಂದುದು ತೊರವಿಯಿಂದಲ್ಲ. ಊರಿನ ದಕ್ಷಿಣಕ್ಕಿರುವ ಬೇಗಂ ತಲಾಬಿನಿಂದ. ಊರು ಬೆಳೆದು ಹಳೆಯ ನೀರು ಸಾಲದಾದಾಗ ಮಹಮ್ಮದ ಆದಿಲಶಾಹನು ೧೬೫೧ರಲ್ಲಿ ಆ ಕೆರೆಯನ್ನು ಕಟ್ಟಿಸಿದ. ಗೋಲಗುಮ್ಮಟವನ್ನು ಕಟ್ಟಿಸಿದವನೂ ಅವನೇ. ತನ್ನ ಗೋರಿಗೆ ಆಕಾಶವನ್ನು ಅಳೆದ ಅರಸು, ಪ್ರಜೆಗಳ ಕೊಡಕ್ಕೆ ನೆಲವನ್ನೂ ಅಗೆಸಿದ. ಮೊದಲನೆಯದನ್ನು ಲೋಕ ನೆನೆಯುತ್ತದೆ. ಎರಡನೆಯದನ್ನು ಮಾಸ್ತರರಂತಹವರು ಮಾತ್ರ ನೆನೆಯುತ್ತಾರೆ.

ಮೆಹತರ ಮಹಲಿನ ಕುಸುರಿಗೆಲಸವನ್ನು ನೋಡುತ್ತ ಜುಮ್ಮಾ ಮಸೀದಿಯ ಕಡೆಗೆ ನಡೆಯುವಾಗ ಮಾಸ್ತರರು ಒಂದು ಸಂಗತಿಯನ್ನು ಹೇಳಿದರು. ಅವರ ಓಣಿಯಲ್ಲಿ ಹೊಸ ಮನೆಗಳ ಬುನಾದಿ ತೋಡುವಾಗ ಮಣ್ಣಿನ ಹಳೆಯ ಕೊಳವೆಗಳು ಸಿಕ್ಕುವುದುಂಟು. ಕೂಲಿಯವರು ಹಾರೆಯಿಂದ ಒಡೆದು ಮಣ್ಣಿನ ಸಂಗಡ ಹೊರಗೆ ಚೆಲ್ಲುತ್ತಾರೆ. ಯಾರನ್ನೂ ದೂರುವಂತಿಲ್ಲ, ಅದೇನೆಂದು ಅವರಿಗೆ ಯಾರೂ ಹೇಳಿಲ್ಲ. ತಾವು ಕಂಡಷ್ಟನ್ನು ಮಾಸ್ತರರು ಶಾಲೆಯ ಹಾಜರಿ ಪುಸ್ತಕದಂತಹ ಒಂದು ವಹಿಯಲ್ಲಿ ಗುರುತು ಹಾಕಿಕೊಂಡಿದ್ದಾರೆ. ಮಕ್ಕಳು ದೂರದ ಊರುಗಳಲ್ಲಿ ನೌಕರಿಯಲ್ಲಿದ್ದಾರೆ. “ನನ್ನ ಹಿಂದ ಈ ವಹಿ ಯಾರು ಓದತಾರ್ರಿ?” ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ.

ಆದರೆ ಅದೇ ಊರಿನಲ್ಲಿ ಹಿಂದೊಮ್ಮೆ ಇಂತಹ ಪ್ರಶ್ನೆಗೆ ಉತ್ತರ ದೊರೆತಿತ್ತು. ಮನೆಮನೆಯ ಗೂಡುಗಳಲ್ಲಿ ಕಟ್ಟಿಟ್ಟು ಜನ ಮರೆತಿದ್ದ ವಚನಗಳ ತಾಡವೋಲೆಗಳನ್ನು ಅರಸುತ್ತ ಅಲೆದು, ಓದಿ, ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿ ಅಚ್ಚು ಹಾಕಿದ ಫ. ಗು. ಹಳಕಟ್ಟಿಯವರ ಕರ್ಮಭೂಮಿ ಇದೇ ವಿಜಯಪುರ. ವಕೀಲರಾಗಿದ್ದ ಅವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರದಿದ್ದರೆ ಕನ್ನಡ ಏನನ್ನು ಕಳೆದುಕೊಳ್ಳುತ್ತಿತ್ತೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಓಲೆಗಳಿಗೆ ಒಬ್ಬರು ಹಳಕಟ್ಟಿಯವರು ಸಿಕ್ಕರು. ಬಾಯಿಂದ ಬಾಯಿಗೆ ಬಂದ ಊರಿನ ಅರಿವಿಗೂ ಅಂತಹವರು ಬೇಕು.

ಮಸೀದಿಯ ವಿಶಾಲವಾದ ಅಂಗಳದ ಕೊಳದ ಬಳಿ ಸ್ವಲ್ಪ ಹೊತ್ತು ಕುಳಿತು, ಒಳಗಿನ ನೆಲದ ಮೇಲೆ ಪ್ರಾರ್ಥನೆಗೆಂದು ಗೆರೆ ಕೊರೆದ ೨,೨೫೦ ಸ್ಥಳಗಳನ್ನು ನೋಡಿ ಹೊರಟಾಗ ಬಿಸಿಲು ಏರಿತ್ತು. ಗೋಲಗುಮ್ಮಟವನ್ನು ಮುಟ್ಟುವ ಹೊತ್ತಿಗೆ ಕಾಲುಗಳು ಸೋತಿದ್ದವು. ಒಳಗಳತೆಯಲ್ಲಿ ೧೨೪ ಅಡಿಗೂ ಮಿಕ್ಕ ವ್ಯಾಸದ ಆ ಗುಮ್ಮಟವನ್ನು, ಒಂದನ್ನೊಂದು ಹೆಣೆದುಕೊಂಡ ಎಂಟು ಕಮಾನುಗಳು ಹೊತ್ತು ನಿಂತ ಬಗೆಯನ್ನು ಮತ್ತೆ ಬಣ್ಣಿಸುವ ಅಗತ್ಯವಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಅಷ್ಟು ಗಾರೆಯನ್ನು ಕಲಸುವುದಕ್ಕೆ, ಅಷ್ಟು ಕೆಲಸಗಾರರ ಬಾಯಾರಿಕೆಗೆ ಬೇಕಾದ ನೀರು ಆ ಬೆಂಗಾಡಿನಲ್ಲಿ ಹೇಗೆ ಬಂದಿತೆಂಬುದನ್ನು ಬೆಳಗಿನಿಂದ ಹೆಜ್ಜೆ ಹೆಜ್ಜೆಗೂ ಕಂಡು ಬಂದವರಿಗೆ ಅದರ ಭಾರ ಬೇರೆಯಾಗಿ ಕಾಣುತ್ತದೆ. ಅದು ಅರಸನೊಬ್ಬನ ಹೆಮ್ಮೆ ಮಾತ್ರವಲ್ಲ. ಇಡೀ ನಗರದ ಬಾಳು ಮೇಲೆದ್ದು ನಿಂತ ಪರಿ.

ಪಶ್ಚಿಮದ ತುದಿಯಿಂದ ಪೂರ್ವದ ತುದಿಗೆ ನಿಂತು ಕುಳಿತು ಬರಲು ಒಂದು ಹೊತ್ತು ಸಾಕು. ಚಳಿಗಾಲದ ಮುಂಜಾವು ಅದಕ್ಕೆ ಪ್ರಶಸ್ತ. ವಿಜಯಪುರಕ್ಕೆ ಹೋಗುವವರು ಒಂದು ದಿನ ಹೆಚ್ಚಾಗಿ ಇರಿಸಿಕೊಳ್ಳಲಿ. ಪರಿಚಯದವರ ಮೂಲಕ ಹಳೆಯ ಓಣಿಯ ಹಿರಿಯರೊಬ್ಬರನ್ನು ಹುಡುಕಿಕೊಳ್ಳಲಿ. ಅವರಿಗೆ ಇಷ್ಟವಾದ ದಾರಿಯಲ್ಲಿ, ಅವರ ನಡಿಗೆಯ ವೇಗದಲ್ಲಿ ನಡೆಯಲಿ. ಇದು ವಿಜಯಪುರಕ್ಕೆ ಮಾತ್ರ ಹೇಳುವ ಮಾತಲ್ಲ. ಬೀದರದಲ್ಲಿ, ಬಾದಾಮಿಯಲ್ಲಿ, ಶ್ರೀರಂಗಪಟ್ಟಣದಲ್ಲಿ ಇಂತಹ ಹಿರಿಯರು ಇನ್ನೂ ಇದ್ದಾರೆ. ಕಲ್ಲು ಇನ್ನೂ ನೂರು ವರ್ಷ ಕಾದೀತು. ಅವರು ಕಾಯಲಾರರು. ಮೊದಲು ಅವರ ಮನೆಯ ಬಾಗಿಲು ತಟ್ಟುವುದು ಮೇಲು.