ವೇತನ ಮಿತಿ ಮತ್ತು ಆಟಗಾರರ ಆಯ್ಕೆ (ರಗ್ಬಿ ಲೀಗ್)

ವೇತನ ಮಿತಿ ಎಂಬುದು ಕ್ರೀಡಾ ಕ್ಲಬ್ಬೊಂದು ತನ್ನ ಆಟಗಾರರಿಗೆ ಒಂದು ವರ್ಷದಲ್ಲಿ ಕೊಡಬಹುದಾದ ಒಟ್ಟು ಸಂಬಳಕ್ಕೆ ಲೀಗಿನ ಆಡಳಿತವು ವಿಧಿಸುವ ಗರಿಷ್ಠ ಮಿತಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ತಂಡಗಳು ಆಡುವ ನ್ಯಾಷನಲ್ ರಗ್ಬಿ ಲೀಗ್ (ಎನ್‌ಆರ್‌ಎಲ್) ಹಾಗೂ ಇಂಗ್ಲೆಂಡಿನ ಸೂಪರ್ ಲೀಗ್ ಎರಡರಲ್ಲಿಯೂ ಈ ನಿಯಮ ಜಾರಿಯಲ್ಲಿದೆ. ಹಣವಂತ ಕ್ಲಬ್ ಕೂಡ ತಾರಾ ಆಟಗಾರರನ್ನೆಲ್ಲ ಕೊಳ್ಳಲು ಸಾಧ್ಯವಿಲ್ಲದ ಈ ವ್ಯವಸ್ಥೆಯಲ್ಲಿ, ಇತರರು ಕಡಿಮೆ ಬೆಲೆ ಕಟ್ಟಿದ ಆಟಗಾರರನ್ನು ಗುರುತಿಸಿ ಸೇರಿಸಿಕೊಳ್ಳುವುದು ತಂಡ ಕಟ್ಟುವ ಕಾರ್ಯದ ಮುಖ್ಯ ಭಾಗವಾಗಿದೆ. ಇಲ್ಲಿ ಕಡೆಗಣಿತ ಆಟಗಾರನೆಂದರೆ ಆಟದಲ್ಲಿ ಕೆಳಮಟ್ಟದವನಲ್ಲ. ತನ್ನ ಆಟಕ್ಕೆ ತಕ್ಕ ಬೆಲೆ ಪಡೆಯದವನು.

ಹಿನ್ನೆಲೆ

ರಗ್ಬಿ ಲೀಗ್ 1895ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಯೂನಿಯನ್‌ನಿಂದ ಬೇರ್ಪಟ್ಟು ರೂಪುಗೊಂಡ ಆಟ. ಕೆಲಸ ಬಿಟ್ಟು ಆಡಲು ಬರುವ ಕಾರ್ಮಿಕರಿಗೆ ಅಂದಿನ ಕೂಲಿಯನ್ನು ತುಂಬಿಕೊಡಬೇಕೇ ಎಂಬ ವಿವಾದವೇ ಈ ಒಡಕಿಗೆ ಕಾರಣವಾಯಿತು. ಹೀಗೆ ಆಟಗಾರನ ಸಂಬಳದ ಪ್ರಶ್ನೆ ಈ ಆಟದ ಹುಟ್ಟಿನೊಂದಿಗೇ ಬಂದಿದೆ. ಪ್ರತಿ ತಂಡದಿಂದ 13 ಮಂದಿ ಅಂಗಳದಲ್ಲಿರುತ್ತಾರೆ; ಬದಲಿ ಆಟಗಾರರೂ ಇರುತ್ತಾರೆ.

ಸಿಡ್ನಿ ಕೇಂದ್ರಿತ ಅಂದಿನ ನ್ಯೂ ಸೌತ್ ವೇಲ್ಸ್ ಲೀಗ್ 1990ರಲ್ಲಿ ವೇತನ ಮಿತಿಯನ್ನು ಜಾರಿಗೆ ತಂದಿತು. ಕ್ಲಬ್ಬುಗಳು ಸಾಲದಲ್ಲಿ ಮುಳುಗದಂತೆ ತಡೆಯುವುದು ಮತ್ತು ಸ್ಪರ್ಧೆಯಲ್ಲಿ ಸಮಬಲ ಉಳಿಸುವುದು ಇದರ ಎರಡು ಉದ್ದೇಶಗಳು. ಇದೇ ಕಾಲದಲ್ಲಿ ಯಾವ ಆಟಗಾರ ಯಾವ ತಂಡಕ್ಕೆ ಹೋಗಬೇಕೆಂಬುದನ್ನು ಸರದಿಯ ಮೂಲಕ ನಿರ್ಧರಿಸುವ 'ಡ್ರಾಫ್ಟ್' ಪದ್ಧತಿಯನ್ನೂ ತರಲಾಯಿತು. ಆಟಗಾರರು ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯವು ಈ ಪದ್ಧತಿಯನ್ನು ತಳ್ಳಿಹಾಕಿತು. ಆದ್ದರಿಂದ ಇಂದಿಗೂ ಎನ್‌ಆರ್‌ಎಲ್‌ನಲ್ಲಿ ಡ್ರಾಫ್ಟ್ ಇಲ್ಲ; ಭಾರತದ ಐಪಿಎಲ್ ಕ್ರಿಕೆಟ್‌ನಲ್ಲಿರುವಂತೆ ಬಹಿರಂಗ ಹರಾಜೂ ಇಲ್ಲ. ಪ್ರತಿಯೊಂದು ಒಪ್ಪಂದವೂ ಕ್ಲಬ್ ಮತ್ತು ಆಟಗಾರನ ನಡುವಿನ ನೇರ ಮಾತುಕತೆಯಿಂದ ಆಗುತ್ತದೆ. ಒಬ್ಬನೇ ಆಟಗಾರನಿಗೆ ಬೇರೆಬೇರೆ ಕ್ಲಬ್ಬುಗಳು ಬೇರೆಬೇರೆ ಬೆಲೆ ಕಟ್ಟಲು ಇದರಿಂದ ಅವಕಾಶ ದೊರೆಯುತ್ತದೆ.

ಲೆಕ್ಕಾಚಾರ

ಒಂದು ಸರಳ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಕ್ಲಬ್ಬಿನ ವೇತನ ಮಿತಿಯನ್ನು 100 ಪಾಲುಗಳೆಂದೂ ಆಟಗಾರರ ಸಂಖ್ಯೆಯನ್ನು 30 ಎಂದೂ ಭಾವಿಸೋಣ. ಮೂವರು ತಾರೆಯರಿಗೆ ತಲಾ 10 ಪಾಲು ಕೊಟ್ಟರೆ ಉಳಿದ 27 ಮಂದಿಗೆ 70 ಪಾಲುಗಳಷ್ಟೇ ಉಳಿಯುತ್ತವೆ. ನಾಲ್ಕು ಪಾಲಿಗೆ ತಕ್ಕ ಆಟವಾಡುವ ಇಬ್ಬರನ್ನು ತಲಾ ಎರಡು ಪಾಲಿಗೆ ಪಡೆದರೆ ನಾಲ್ಕು ಪಾಲು ಉಳಿತಾಯವಾಗಿ, ಅಂಥದ್ದೇ ಇನ್ನೊಬ್ಬ ಆಟಗಾರನಿಗೆ ಪೂರ್ಣ ಬೆಲೆ ಕೊಡಲು ಸಾಲುತ್ತದೆ. ಎಲ್ಲ ಕ್ಲಬ್ಬುಗಳ ಮಿತಿಯೂ ಒಂದೇ ಆಗಿರುವುದರಿಂದ, ಕೊಟ್ಟ ಬೆಲೆಗೂ ಪಡೆದ ಆಟಕ್ಕೂ ಇರುವ ಈ ವ್ಯತ್ಯಾಸವೇ ತಂಡಗಳ ಬಲವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಸಾಮಾನ್ಯವಾಗಿ ತಂಡದ 'ಬೆನ್ನೆಲುಬು' ಎನಿಸಿದ ಫುಲ್‌ಬ್ಯಾಕ್, ಫೈವ್-ಎಯ್ತ್, ಹಾಫ್‌ಬ್ಯಾಕ್ ಮತ್ತು ಹುಕರ್ ಸ್ಥಾನಗಳಿಗೆ ಹೆಚ್ಚು ಹಣ ಮೀಸಲಾಗುತ್ತದೆ. ಉಳಿತಾಯವನ್ನು ಇತರ ಸ್ಥಾನಗಳಲ್ಲಿ ಹುಡುಕಬೇಕಾಗುತ್ತದೆ.

ಬೆಲೆ ಕಡಿಮೆಯಾಗಲು ಕಾರಣಗಳು

* ಅವಕಾಶದ ಕೊರತೆ: ಪ್ರಬಲ ತಂಡದಲ್ಲಿ ತಾರೆಯೊಬ್ಬನ ಹಿಂದೆ ನಿಂತ ಯುವಕನು ಎರಡನೆಯ ದರ್ಜೆಯ ಸ್ಪರ್ಧೆಯಲ್ಲೇ ಉಳಿದುಬಿಡಬಹುದು. ರಯಾನ್ ಪೇಪನ್‌ಹೈಜನ್ ವೆಸ್ಟ್ಸ್ ಟೈಗರ್ಸ್‌ನ ಕಿರಿಯರ ತಂಡಗಳಲ್ಲಿ ಆಡಿ ಮೆಲ್ಬರ್ನ್ ಸ್ಟಾರ್ಮ್ ಸೇರಿದವರು. ಅವರು 2020ರ ಅಂತಿಮ ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕ್ಲೈವ್ ಚರ್ಚಿಲ್ ಪದಕವನ್ನು ಪಡೆದರು.
* ವಯಸ್ಸು: ಮೂವತ್ತು ದಾಟಿದವರಿಗೆ ದೀರ್ಘಾವಧಿಯ ಒಪ್ಪಂದ ನೀಡಲು ಕ್ಲಬ್ಬುಗಳು ಹಿಂಜರಿಯುತ್ತವೆ. 2021ರಲ್ಲಿ ಸೌತ್ ಸಿಡ್ನಿ ಕ್ಲಬ್ ಹಾಫ್‌ಬ್ಯಾಕ್ ಆಡಮ್ ರೆನಾಲ್ಡ್ಸ್‌ಗೆ ಒಂದೇ ವರ್ಷದ ಒಪ್ಪಂದ ನೀಡಲು ಮುಂದಾದಾಗ ಬ್ರಿಸ್ಬೇನ್ ಬ್ರಾಂಕೋಸ್ ಮೂರು ವರ್ಷಗಳ ಒಪ್ಪಂದ ನೀಡಿತು. ಅವರ ನಾಯಕತ್ವದಲ್ಲಿ ತಂಡವು 2023ರ ಅಂತಿಮ ಪಂದ್ಯವನ್ನು ತಲುಪಿತು.
* ಗಾಯ ಅಥವಾ ಕಳಪೆ ವರ್ಷ: ಇತ್ತೀಚಿನ ಆಟವನ್ನಷ್ಟೇ ನೋಡಿ ಬೆಲೆ ಕಟ್ಟಿದಾಗ ಹಿಂದಿನ ಸಾಧನೆ ಮರೆಯಾಗುತ್ತದೆ. ಜಮೇನ್ ಇಸಾಕೊ 2022ರಲ್ಲಿ ಬ್ರಿಸ್ಬೇನ್ ಬಿಟ್ಟು ಗೋಲ್ಡ್ ಕೋಸ್ಟ್ ಸೇರಿ, ಮರುವರ್ಷ ಹೊಸ ತಂಡವಾದ ಡಾಲ್ಫಿನ್ಸ್‌ಗೆ ಬಂದರು. 2023ರಲ್ಲಿ ಅತಿ ಹೆಚ್ಚು ಟ್ರೈ ಮತ್ತು ಅತಿ ಹೆಚ್ಚು ಅಂಕ ಗಳಿಸಿದ ಎರಡೂ ಗೌರವ ಅವರದಾಯಿತು.
* ಕಣ್ಣಿಗೆ ಬೀಳದ ಕೆಲಸ: ಟ್ರೈ ಗಳಿಸಿದವನು ಎಲ್ಲರ ನೆನಪಿನಲ್ಲಿ ಉಳಿಯುತ್ತಾನೆ, ಪಂದ್ಯದುದ್ದಕ್ಕೂ ಟ್ಯಾಕಲ್ ಮಾಡಿ ಎದುರಾಳಿಯನ್ನು ತಡೆದವನು ಉಳಿಯುವುದಿಲ್ಲ.
* ರಾಜ್ಯ ತಂಡಕ್ಕೆ ಆಯ್ಕೆಯಾಗದಿರುವುದು: ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಣ ಸ್ಟೇಟ್ ಆಫ್ ಒರಿಜಿನ್ ಸರಣಿಯಲ್ಲಿ ಆಡಿದವರ ಬೆಲೆ ಏರುತ್ತದೆ. ಆದರೆ ಋತುವಿನ ನಡುವೆ ನಡೆಯುವ ಈ ಸರಣಿಗಾಗಿ ಅವರು ಕ್ಲಬ್ಬಿನ ಕೆಲವು ಪಂದ್ಯಗಳಿಗೆ ದೊರೆಯುವುದಿಲ್ಲ. ಆಯ್ಕೆಯಾಗದ ಉತ್ತಮ ಆಟಗಾರ ಅಗ್ಗವಾಗಿಯೂ ಸಿಗುತ್ತಾನೆ, ವರ್ಷವಿಡೀ ಲಭ್ಯನೂ ಇರುತ್ತಾನೆ.

ಅಂಕಿ-ಅಂಶಗಳ ಬಳಕೆ

ಮೈಕೇಲ್ ಲೂಯಿಸ್ ಅವರ 'ಮನಿಬಾಲ್' (2003) ಪುಸ್ತಕವು ಅಮೆರಿಕದ ಬೇಸ್‌ಬಾಲ್ ತಂಡವಾದ ಓಕ್ಲೆಂಡ್ ಅಥ್ಲೆಟಿಕ್ಸ್, ಅಂಕಿ-ಅಂಶಗಳ ನೆರವಿನಿಂದ ಕಡೆಗಣಿತ ಆಟಗಾರರನ್ನು ಆರಿಸಿದ ಬಗೆಯನ್ನು ವಿವರಿಸಿತು. ಈ ವಿಧಾನ ರಗ್ಬಿ ಲೀಗ್‌ಗೆ ಯಥಾವತ್ತಾಗಿ ಹೊಂದುವುದಿಲ್ಲ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನ ಮತ್ತು ಹೊಡೆಯುವವನ ನಡುವಿನ ಸೆಣಸಾಟವನ್ನು ಬಿಡಿಬಿಡಿಯಾಗಿ ಅಳೆಯಬಹುದು. ರಗ್ಬಿ ಲೀಗ್‌ನಲ್ಲಾದರೋ ಅಂಚಿನಲ್ಲಿ ಓಡುವ ವಿಂಗರ್ ಗಳಿಸುವ ಟ್ರೈಗಳು ಒಳಗಿನ ಆಟಗಾರರು ಕೊಡುವ ಪಾಸುಗಳನ್ನು ಅವಲಂಬಿಸುತ್ತವೆ. ಮುಂಚೂಣಿಯ ಆಟಗಾರನು ಕ್ರಮಿಸಿದ ದೂರವು ಅವನು ಅಂಗಳದಲ್ಲಿದ್ದ ನಿಮಿಷಗಳಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಒಟ್ಟು ಸಂಖ್ಯೆಗಿಂತ ಪ್ರತಿ ನಿಮಿಷದ ಸರಾಸರಿ, ತಪ್ಪಿದ ಟ್ಯಾಕಲ್‌ಗಳ ಪ್ರಮಾಣ, ಎದುರಾಳಿ ಹಿಡಿದ ಬಳಿಕವೂ ಮುನ್ನುಗ್ಗಿದ ದೂರ ಮೊದಲಾದವು ಹೆಚ್ಚು ಉಪಯುಕ್ತ. ಆಟಗಾರನ ಶಿಸ್ತು ಮತ್ತು ಕಲಿಯುವ ಮನಸ್ಸನ್ನು ಅಳೆಯಲು ಪಂದ್ಯಗಳನ್ನು ಖುದ್ದಾಗಿ ನೋಡುವ ಅನುಭವಿಗಳೇ ಬೇಕು.

ಮೆಲ್ಬರ್ನ್ ಸ್ಟಾರ್ಮ್

ಈ ವಿಧಾನದ ಶಕ್ತಿ ಮತ್ತು ಅಪಾಯ ಎರಡನ್ನೂ ತೋರಿಸುವ ಉದಾಹರಣೆ ಮೆಲ್ಬರ್ನ್ ಸ್ಟಾರ್ಮ್. 1998ರಲ್ಲಿ ಕಣಕ್ಕಿಳಿದ ಈ ಕ್ಲಬ್ಬಿನ ಊರು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ನೆಲೆ; ಸ್ಥಳೀಯವಾಗಿ ರಗ್ಬಿ ಲೀಗ್ ಪ್ರತಿಭೆಗಳು ವಿರಳ. ಹೀಗಾಗಿ ಕ್ಲಬ್ ದೂರದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹುಡುಕಾಟ ನಡೆಸಿತು. ಕ್ಯಾಮರನ್ ಸ್ಮಿತ್, ಬಿಲ್ಲಿ ಸ್ಲೇಟರ್ ಮತ್ತು ಕೂಪರ್ ಕ್ರಾಂಕ್ ಮೂವರೂ ಬ್ರಿಸ್ಬೇನಿನ ನಾರ್ತ್ಸ್ ಡೆವಿಲ್ಸ್ ತಂಡದ ಮೂಲಕ ಬಂದವರು. ಸ್ಲೇಟರ್ ಅದಕ್ಕೂ ಮೊದಲು ಸಿಡ್ನಿಯ ಕುದುರೆ ಲಾಯವೊಂದರಲ್ಲಿ ಕೆಲಸ ಮಾಡಿದ್ದರು. ಕ್ರಾಂಕ್ ಆರಂಭದಲ್ಲಿ ಬದಲಿ ಆಟಗಾರ. ಮ್ಯಾಟ್ ಆರ್ಫರ್ಡ್ ಕ್ಲಬ್ ತೊರೆದ ಬಳಿಕ 2006ರಲ್ಲಿ ಹಾಫ್‌ಬ್ಯಾಕ್ ಆದರು. 2003ರಿಂದ ತರಬೇತುದಾರರಾದ ಕ್ರೇಗ್ ಬೆಲ್ಲಮಿ ಅವರ ಗರಡಿಯಲ್ಲಿ ಪಳಗಿದ ಈ ಮೂವರೂ ಮುಂದೆ ವರ್ಷದ ಶ್ರೇಷ್ಠ ಆಟಗಾರನಿಗೆ ನೀಡುವ ಡ್ಯಾಲಿ ಎಂ ಪದಕವನ್ನು ಗಳಿಸಿದರು.

ಆದರೆ ಅಗ್ಗವಾಗಿ ಬಂದವರು ಬೆಳೆದಂತೆ ದುಬಾರಿಯಾದರು. ಎಲ್ಲರನ್ನೂ ಉಳಿಸಿಕೊಳ್ಳಲು ಕ್ಲಬ್ ಗುಟ್ಟಾಗಿ ಎರಡು ಬಗೆಯ ಒಪ್ಪಂದಗಳನ್ನು ಇಟ್ಟುಕೊಂಡು ಮಿತಿಗಿಂತ ಹೆಚ್ಚು ಹಣ ನೀಡಿತ್ತೆಂಬುದು 2010ರ ಏಪ್ರಿಲ್‌ನಲ್ಲಿ ಬಯಲಾಯಿತು. 2007 ಮತ್ತು 2009ರ ಪ್ರಶಸ್ತಿಗಳನ್ನು ಹಿಂದಕ್ಕೆ ಪಡೆಯಲಾಯಿತು. 5 ಲಕ್ಷ ಡಾಲರ್ ದಂಡ ವಿಧಿಸಲಾಯಿತು. 2010ರ ಋತುವನ್ನು ತಂಡವು ಯಾವ ಅಂಕವೂ ಇಲ್ಲದೆ ಆಡಿ ಮುಗಿಸಬೇಕಾಯಿತು. ಗ್ರೆಗ್ ಇಂಗ್ಲಿಸ್ ಸೇರಿದಂತೆ ಹಲವರು ಕ್ಲಬ್ ತೊರೆದರು. ಉಳಿದ ಮೂವರು ತಾರೆಯರ ಸುತ್ತ, ಬೇರೆ ಕ್ಲಬ್ಬುಗಳಲ್ಲಿ ಹೆಚ್ಚು ಹೆಸರು ಮಾಡದ ಬ್ರಯಾನ್ ನಾರಿ ಅಂಥವರನ್ನು ಸೇರಿಸಿ ಕಟ್ಟಿದ ತಂಡವು 2012ರ ಅಂತಿಮ ಪಂದ್ಯದಲ್ಲಿ ಕ್ಯಾಂಟರ್‌ಬರಿಯನ್ನು 14–4ರಿಂದ ಸೋಲಿಸಿತು.

ನಿಯಮ ಮೀರಿದ ಕ್ಲಬ್ ಇದೊಂದೇ ಅಲ್ಲ. 2002ರಲ್ಲಿ ಅಗ್ರಸ್ಥಾನದಲ್ಲಿದ್ದ ಕ್ಯಾಂಟರ್‌ಬರಿ ಬುಲ್‌ಡಾಗ್ಸ್ 37 ಅಂಕಗಳ ಕಡಿತದಿಂದ ಕೊನೆಯ ಸ್ಥಾನಕ್ಕಿಳಿಯಿತು. 2016ರಲ್ಲಿ ಪ್ಯಾರಮ್ಯಾಟಾ 12 ಅಂಕಗಳನ್ನೂ, ಇಂಗ್ಲೆಂಡಿನಲ್ಲಿ 2007ರಲ್ಲಿ ವಿಗನ್ ನಾಲ್ಕು ಅಂಕಗಳನ್ನೂ ಕಳೆದುಕೊಂಡವು.

ಮಿತಿಗಳು ಮತ್ತು ಟೀಕೆ

ಕಡೆಗಣಿತರನ್ನು ಗುರುತಿಸುವುದರ ಲಾಭ ತಾತ್ಕಾಲಿಕವಾದದ್ದು. ಆಟಗಾರನು ಯಶಸ್ವಿಯಾದೊಡನೆ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಮುಂದಿನ ಒಪ್ಪಂದದಲ್ಲಿ ಅವನ ಬೆಲೆ ಏರುತ್ತದೆ. 2021ರಿಂದ 2024ರವರೆಗೆ ಸತತ ನಾಲ್ಕು ಬಾರಿ ಗೆದ್ದ ಪೆನ್ರಿತ್ ಪ್ಯಾಂಥರ್ಸ್, ಪಶ್ಚಿಮ ಸಿಡ್ನಿಯ ತನ್ನದೇ ಕಿರಿಯರನ್ನು ಬೆಳೆಸಿ ತಂಡ ಕಟ್ಟಿತು. ಆದರೂ ವಿಲಿಯಾಮೆ ಕಿಕಾವ್, ಸ್ಟೀಫನ್ ಕ್ರೈಟನ್, ಜರೋಮ್ ಲುವಾಯಿ ಮೊದಲಾದವರು ಒಬ್ಬೊಬ್ಬರಾಗಿ ಇತರ ಕ್ಲಬ್ಬುಗಳಿಗೆ ಹೋದರು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳುಹಿಸಿಕೊಡಬೇಕು ಎಂಬ ತೀರ್ಮಾನವು ಆಯ್ಕೆಯಷ್ಟೇ ಕಠಿಣ.

ಆಟಗಾರರ ದೃಷ್ಟಿಯಿಂದ ನೋಡಿದರೆ ಕ್ಲಬ್ಬಿನ ಉಳಿತಾಯವೆಂಬುದು ದುಡಿದವನಿಗೆ ಸಲ್ಲದೆ ಉಳಿದ ಸಂಬಳವೇ ಆಗಿದೆ. ಮೈಗೆ ಮೈ ಅಪ್ಪಳಿಸುವ ಈ ಆಟದಲ್ಲಿ ವೃತ್ತಿಜೀವನ ಚಿಕ್ಕದು. ಕಡಿಮೆ ಸಂಬಳದ ಒಪ್ಪಂದದಲ್ಲಿರುವಾಗಲೇ ಗಾಯಗೊಂಡವನಿಗೆ ಸರಿಯಾದ ಬೆಲೆ ಪಡೆಯುವ ಅವಕಾಶ ಮತ್ತೆ ಬರದೆಹೋಗಬಹುದು. ಆಟಗಾರರ ಸಂಘವು ಲೀಗಿನೊಂದಿಗೆ ನಡೆಸುವ ಸಾಮೂಹಿಕ ಒಪ್ಪಂದದ ಮಾತುಕತೆಗಳಲ್ಲಿ ಮಿತಿಯ ಮೊತ್ತದ ಜೊತೆಗೆ ಕನಿಷ್ಠ ವೇತನವೂ ಮುಖ್ಯ ವಿಷಯವಾಗಿರುವುದು ಈ ಕಾರಣದಿಂದಲೇ. ಇನ್ನೊಂದೆಡೆ, ತಾರೆಯರಿಂದ ತುಂಬಿದ ತಂಡದಲ್ಲಿ ಬೆಂಚಿನ ಮೇಲೆ ಕುಳಿತಿರುತ್ತಿದ್ದ ಅನೇಕರಿಗೆ ಬೇರೆಡೆ ಆಡುವ ಅವಕಾಶ ದೊರೆತಿರುವುದೂ ಇದೇ ವೇತನ ಮಿತಿಯಿಂದ.